ಎಸ್ಮೆರ್ಲಿನ್ ಆಡದ ಎಂಬತ್ತು ಆಟಗಳು

ಗಾಜಿಗೆ ಗಾಜು ತಾಗಿದ ಸದ್ದು. ಬಹಳ ಸಣ್ಣದು. ರಾತ್ರಿ ಎರಡು ಗಂಟೆ ದಾಟಿತ್ತು.

ನಿದ್ದೆಯಲ್ಲೂ ಒಂದು ಕಿವಿಯನ್ನು ತೆರೆದಿಟ್ಟುಕೊಂಡೇ ಮಲಗುವವಳು ನಾನು. ನಲ್ಲಿಯ ಹನಿ, ತಗಡಿನ ಮಾಡಿನ ಮೇಲೆ ಉದುರುವ ಬಾದಾಮಿ ಕಾಯಿ, ಪಕ್ಕದ ಹಿತ್ತಲಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕೂಗುವ ಟುಲಿಯೊನ ಕಾಳಗದ ಹುಂಜಗಳು, ಇವೆಲ್ಲ ನನಗೆ ಪರಿಚಿತ. ಈ ಸದ್ದು ನಮ್ಮ ಫ್ರಿಜ್ಜಿನ ಬಾಗಿಲಿನದು. ಅಲ್ಲಿ ಇಡೀ ಬೀದಿಯ ಔಷಧಿ ಸೀಸೆಗಳು ಸಾಲಾಗಿ ನಿಂತಿರುತ್ತವೆ. ಒಂದನ್ನು ಎತ್ತಿದರೆ ಉಳಿದವು ಓರೆಯಾಗಿ ಒಂದಕ್ಕೊಂದು ಆತುಕೊಳ್ಳುತ್ತವೆ.

ಎದ್ದು ಹೋದೆ. ಅಮ್ಮ ತೆರೆದ ಫ್ರಿಜ್ಜಿನ ಮುಂದೆ ಮೋಟು ಸ್ಟೂಲಿನ ಮೇಲೆ ಕುಳಿತು ಒಂದು ಸೀಸೆಯನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದಳು. ಫ್ರಿಜ್ಜಿನೊಳಗಿನ ಬಲ್ಬು ಕೆಟ್ಟು ಎರಡು ವರ್ಷವಾಗಿದೆ. ಕತ್ತಲಲ್ಲಿ ಅವಳ ಬಿಳಿಯ ಕೂದಲು ಮಾತ್ರ ಕಾಣುತ್ತಿತ್ತು.

"ಈ ಹೊತ್ತಲ್ಲಿ ಏನಮ್ಮ?"

"ನಿದ್ದೆ ಬರ್ಲಿಲ್ಲ. ನೀನು ಬಂದಿದ್ದು ಒಳ್ಳೇದಾಯ್ತು. ಮೊಬೈಲ್ ಲೈಟ್ ಹಾಕು. ಇದರ ಮೇಲೆ ಏನ್ ಬರ್ದಿದೆ ಓದು."

ನನ್ನ ಅಮ್ಮ, ಎಲ್ಲರೂ ಗೌರವದಿಂದ ದೋನ್ಯಾ ವಿಗಾ ಎಂದು ಕರೆಯುವವಳು, ನಲವತ್ತು ವರ್ಷಗಳಿಂದ ಈ ಬೀದಿಗೆ ಇಂಜೆಕ್ಷನ್ ಕೊಡುತ್ತ ಬಂದವಳು. ಔಷಧಿಯನ್ನು ಅವರವರೇ ತರುತ್ತಾರೆ, ಅಮ್ಮ ಚುಚ್ಚುತ್ತಾಳೆ. ಸಾನ್ ಪೆಡ್ರೊ ಊರಿನ ನಮ್ಮ ಭಾಗದಲ್ಲಿ ಕರೆಂಟು ಬಂದಷ್ಟೇ ಹೊತ್ತು ಹೋಗಿರುತ್ತದೆ. ಬ್ಯಾಟರಿಯ ಮೇಲೆ ಓಡುವ ಫ್ರಿಜ್ಜು ಇರುವುದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಅಂಗಡಿಯ ಚೆಂಚೊನ ಹೆಂಡತಿಯ ಇನ್ಸುಲಿನ್, ಟುಲಿಯೊನ ಹುಂಜಗಳ ಟಾನಿಕ್ಕು, ಸಮುದ್ರದಾಚೆ ಉತ್ತರದ ದೇಶದ ದೊಡ್ಡ ಲೀಗಿನಲ್ಲಿ ಬೇಸ್‌ಬಾಲ್ ಆಡುವ ನಮ್ಮ ಬೀದಿಯ ಎಸ್ಮೆರ್ಲಿನನ ವಿಟಮಿನ್ನು, ಎಲ್ಲವೂ ಅಲ್ಲೇ. ಕಣ್ಣಿಗೆ ಪೊರೆ ಬಂದ ಮೇಲೆ ಅಮ್ಮ ಸೀಸೆಗಳನ್ನು ಮುಟ್ಟಿಯೇ ಗುರುತಿಸುತ್ತಾಳೆ. ಅದಕ್ಕಾಗಿ ರಬ್ಬರ್ ಬ್ಯಾಂಡ್ ಸುತ್ತಿದ್ದಾಳೆ. ಇನ್ಸುಲಿನ್ನಿಗೆ ಒಂದು, ಎಸ್ಮೆರ್ಲಿನನದಕ್ಕೆ ಎರಡು.

ಅವಳ ಕೈಯಲ್ಲಿದ್ದದ್ದಕ್ಕೂ ಎರಡು ಬ್ಯಾಂಡ್ ಇದ್ದವು. ಆದರೆ ಅದು ಟುಲಿಯೊನದು. ಹುಂಜಕ್ಕೆ ಏನು ಕೊಡುತ್ತಾನೆಂದು ಎದುರಾಳಿಗಳಿಗೆ ತಿಳಿಯಬಾರದೆಂದು ಅವನು ಸೀಸೆಯ ಹೆಸರಿನ ಮೇಲೆ ಕಾಗದ ಸುತ್ತಿ, ಮೇಲೊಂದು ಕೆಳಗೊಂದು ಬ್ಯಾಂಡ್ ಹಾಕಿದ್ದ. ಅಮ್ಮ ಈಗ ಆ ಕಾಗದವನ್ನು ಬಿಚ್ಚಿದ್ದಳು.

ಬೆಳಕು ಹಿಡಿದೆ. ಇರುವೆ ಸಾಲಿನಂಥ ಅಕ್ಷರಗಳು: ಬೋಲ್ಡೆನೋನ್. ಜಾನುವಾರುಗಳಿಗೆ ಮಾತ್ರ.

ಮೂರು ದಿನದ ಹಿಂದೆ, ಎಸ್ಮೆರ್ಲಿನನ ಪರೀಕ್ಷೆಯಲ್ಲಿ ಸಿಕ್ಕ ನಿಷೇಧಿತ ಔಷಧಿಯೆಂದು ಟಿವಿಯಲ್ಲಿ ಅವನ ಮುಖದ ಕೆಳಗೆ ಓಡಿದ್ದ ಹೆಸರು ಅದೇ.

"ಏನಂತೆ?" ಅಮ್ಮ ನನ್ನ ದನಿಯ ಕಡೆಗೆ ಮುಖ ತಿರುಗಿಸಿದಳು.

ನಾನು ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಒಂದು ಅಕ್ಷರ ತಪ್ಪಿದರೂ ಮಕ್ಕಳ ಉತ್ತರಕ್ಕೆ ಕೆಂಪು ಗೆರೆ ಎಳೆಯುತ್ತೇನೆ.

"ಬಿ ವಿಟಮಿನ್ ಅಂತಿದೆ," ಎಂದೆ.

"ಹಾಗಾದ್ರೆ ಜನವರಿಯಲ್ಲಿ ಎಸ್ಮೆರ್ಲಿನನಿಗೆ ಚುಚ್ಚಿದಾಗ ಯಾಕೆ ಅಷ್ಟು ಮಂದ ಇತ್ತು? ಜೇನುತುಪ್ಪ ತಳ್ಳಿದ ಹಾಗಾಯ್ತು. ಹುಡುಗ 'ಅಯ್ಯೋ ದೋನ್ಯಾ' ಅಂದ."

"ಥಂಡಿಗೆ ಗಟ್ಟಿಯಾಗಿರತ್ತಮ್ಮ. ಬಾ, ಮಲ್ಕೋ."

ಬೆಳಿಗ್ಗೆ ಆ ಸೀಸೆಯನ್ನು ನನ್ನ ಕಪಾಟಿನಲ್ಲಿ ಪರೀಕ್ಷೆಯ ಕಾಗದಗಳ ಕೆಳಗೆ ಇಟ್ಟೆ. ಟುಲಿಯೊಗೆ ಕೈತಪ್ಪಿ ಒಡೆಯಿತು ಎಂದೆ. ಅವನು ನಮ್ಮ ಫ್ರಿಜ್ಜಿಗೆ ಶಾಪ ಹಾಕಿ ಹೊಸದು ತಂದ.

ಮೂರು ದಿನದ ಹಿಂದೆ ಆ ಸುದ್ದಿ ಬಂದಾಗ ಬೀದಿಯೆಲ್ಲ ಚೆಂಚೊನ ಅಂಗಡಿಯ ಮುಂದಿತ್ತು. ಎಸ್ಮೆರ್ಲಿನ್ ಆಡುವ ಸಂಜೆ ಎಲ್ಲರೂ ಅಲ್ಲಿಯೇ ಸೇರುವುದು. ಪ್ಲಾಸ್ಟಿಕ್ ಕುರ್ಚಿ, ಕೈಯಿಂದ ಕೈಗೆ ದಾಟುವ ಒಂದು ದೊಡ್ಡ ಬಿಯರ್ ಬಾಟಲಿ, ಡೊಮಿನೊ ಹಲಗೆ. ನಿಷೇಧ ಎಂಬತ್ತು ಆಟಗಳದು ಎಂದು ಟಿವಿ ಹೇಳಿದಾಗ ಅವನನ್ನು ಸಾಕಿದ ಸೋದರತ್ತೆ ನ್ಯೂರಿಸ್ ಎದ್ದು ಮನೆಗೆ ಹೋದಳು.

"ಸುಳ್ಳು!" ಎಂದ ಚೆಂಚೊ. "ನಮ್ ಹುಡುಗ್ರು ತಲೆ ಎತ್ತಿದ್ರೆ ಅವ್ರಿಗೆ ಕಣ್ಣು ಕುಕ್ಕತ್ತೆ."

ಬಾಡಿಗೆ ಬೈಕು ಓಡಿಸುವ ಫೆಲ್ಲೊ ಹಲ್ಲಿನಲ್ಲಿ ಕಚ್ಚಿದ್ದ ಕಡ್ಡಿಯನ್ನು ತೆಗೆದ. "ಬೆಂಕಿ ಇಲ್ದೆ ಹೊಗೆ ಬರಲ್ಲ ಕಣೋ. ಹೋದ್ ವರ್ಷ ಪೂರ್ತಿ ಆರು ಸಲ ಚೆಂಡು ಗೋಡೆ ದಾಟ್ಸಿದ್ದ. ಈ ವರ್ಷ ಒಂದೇ ತಿಂಗಳಲ್ಲಿ ಒಂಬತ್ತು. ಬಾಳೆಕಾಯಿ ಮುದ್ದೆ ತಿಂದ ಶಕ್ತಿನಾ ಅದು?"

"ನೀನೂ ಅದನ್ನೇ ತಿಂತೀಯಲ್ಲ. ನಿನ್ ಬೈಕ್ ಸ್ಟ್ಯಾಂಡ್ ಹಾಕಕ್ಕೆ ಇಬ್ರು ಬೇಕು!"

ಎಲ್ಲರೂ ನಕ್ಕರು. ಆದರೆ ಆ ನಗು ಬೇಗ ಮುಗಿಯಿತು.

ಮುಂದಿನ ವಾರ ಬೀದಿ ಎರಡಾಯಿತು. ಅಂಗಡಿಯ ಗೋಡೆಯಲ್ಲಿದ್ದ ಅವನ ಚಿತ್ರವನ್ನು ಯಾರೋ ಕಿತ್ತರು, ಚೆಂಚೊ ಮತ್ತೆ ಅಂಟಿಸಿದ. ನದಿಯಾಚೆಯ ಹುಡುಗರು ನಮ್ಮವರನ್ನು ಕಂಡರೆ ತೋಳಿಗೆ ಚುಚ್ಚಿಕೊಳ್ಳುವಂತೆ ನಟಿಸಿ ಓಡುತ್ತಿದ್ದರು. ಬ್ರೆಡ್ಡು ಮಾರುವವನು ಕೂಡ "ವಿಟಮಿನ್ ಬ್ರೆಡ್, ವಿಟಮಿನ್ ಬ್ರೆಡ್, ತಿಂದವರು ಗೋಡೆ ದಾಟ್ತಾರೆ!" ಎಂದು ಕೂಗತೊಡಗಿದ. 'ಅದು ನನ್ನ ಮೈಯೊಳಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ' ಎಂದು ಎಸ್ಮೆರ್ಲಿನ್ ಹೇಳಿಕೆ ಕೊಟ್ಟಿದ್ದ. ಸಿಕ್ಕಿಬಿದ್ದವರೆಲ್ಲ ಹೇಳುವುದು ಅದನ್ನೇ ಎಂದು ಟಿವಿಯವರು ಮುಗುಳ್ನಕ್ಕರು. ಆ ವಾಕ್ಯದ ಒಂದೊಂದು ಪದವೂ ನಿಜವೆಂದು ಬಲ್ಲವಳು ನಾನೊಬ್ಬಳೇ. ಮಕ್ಕಳ ಉತ್ತರಗಳನ್ನು ತಿದ್ದುತ್ತಿದ್ದರೂ ಕಾಗದದಡಿಯ ಸೀಸೆ ನನ್ನ ಅಂಗೈಗೆ ತಾಗುತ್ತಿರುವಂತೆ ಅನಿಸುತ್ತಿತ್ತು. ಹೇಳಿದರೆ ಅಮ್ಮನ ನಲವತ್ತು ವರ್ಷ ಹೋಗುತ್ತದೆ. ಹೇಳದಿದ್ದರೆ ಅವನ ಹೆಸರು ಹೋಗುತ್ತದೆ. ದಿನವೂ ನಾಳೆ ಎಂದುಕೊಂಡೆ.

ಅಷ್ಟರಲ್ಲಿ ದೋನ್ ನೆರೆಯೊ ಆಟ ಹೇಳಲು ಶುರು ಮಾಡಿದರು.

ಅವರು ಹಿಂದೆ ಊರಿನ ರೇಡಿಯೊದಲ್ಲಿ ಚಳಿಗಾಲದ ಪಂದ್ಯಗಳ ವೀಕ್ಷಕ ವಿವರಣೆ ಕೊಡುತ್ತಿದ್ದವರು. ಈಗ ಎಂಬತ್ತೊಂದು. ಒಂದು ಸಂಜೆ ಚೆಂಚೊ ಟಿವಿಯ ದನಿಯನ್ನು ಪೂರ್ತಿ ತಗ್ಗಿಸಿದ್ದ. ಮಾತೆತ್ತಿದರೆ ನಿಷೇಧ, ನಿಷೇಧ ಎನ್ನುವವರ ದನಿ ಅವನಿಗೆ ಸಾಕಾಗಿತ್ತು. ಪರದೆಯ ಮೇಲೆ ಎಸ್ಮೆರ್ಲಿನನ ಜಾಗಕ್ಕೆ ಬಂದ ಕೆಂಪು ಗಡ್ಡದವನು ಬ್ಯಾಟು ಹಿಡಿದು ನಿಂತ. ನೆರೆಯೊ ಡೊಮಿನೊದ ಬಿಲ್ಲೆಯನ್ನು ಕೆಳಗಿಡದೆ, ತಮಗೆ ತಾವೇ ಹೇಳಿಕೊಂಡಂತೆ ಅಂದರು:

"ಈಗ ಬರ್ತಾ ಇದ್ದಾನೆ ಎಸ್ಮೆರ್ಲಿನ್ ಪುವೆರಿಯೆಟ್. ಎಡಗಾಲಲ್ಲಿ ಮಣ್ಣು ಕೆದರ್ತಾ ಇದ್ದಾನೆ. ಅವಸರ ಇಲ್ಲ ಅವನಿಗೆ. ಗಾಳಿ ಬಲಗಡೆಗೆ ಬೀಸ್ತಾ ಇದೆ..."

ಕುರ್ಚಿಗಳು ಅವರತ್ತ ತಿರುಗಿದವು. ಫೆಲ್ಲೊನ ಕುರ್ಚಿ ಕೂಡ. ಕೆಂಪು ಗಡ್ಡದವನು ಪರದೆಯ ಮೇಲೆ ಏನೋ ಮಾಡಿ ಹೊರಟುಹೋದ, ನಾವು ನೋಡಲಿಲ್ಲ. ನಾವು ನೋಡಿದ್ದು ನೆರೆಯೊ ಹೇಳಿದ್ದನ್ನು. ಚೆಂಡು, ಓಡುವವರು ಮುಟ್ಟಬೇಕಾದ ಎರಡನೇ ಬೇಸಿನ ತಲೆಯ ಮೇಲಿಂದ ಹೋಯಿತು, ಹುಲ್ಲಿನ ಮೇಲೆ ಬಿತ್ತು, ಎಸ್ಮೆರ್ಲಿನ್ ಟೋಪಿ ಹಾರುವಂತೆ ಓಡಿದ.

ಅಂದಿನಿಂದ ಪ್ರತಿ ಸಂಜೆ ಹಾಗೆಯೇ. ಟಿವಿ ಮೂಕವಾಗಿ ತನ್ನ ಪಾಡಿಗೆ ಉರಿಯುತ್ತಿತ್ತು. ಹೆಂಗಸರು ಬೀನ್ಸ್ ಸೋಸುತ್ತ ಬಂದು ಕೂರತೊಡಗಿದರು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು, ಬೆಳಕು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು, ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ದಿನ ಕಳೆದಂತೆ ಉತ್ತರದ ಆ ದೊಡ್ಡ ಮೈದಾನ ಮೆಲ್ಲಗೆ ನಮ್ಮ ಕಡೆಗೆ ಸರಿಯಿತು. ಗೋಡೆಯಾಚೆ ಕಬ್ಬಿನ ಗದ್ದೆ ಬಂತು. ಮೂರನೇ ಬೇಸಿನ ಹತ್ತಿರ ಯಾರದೋ ಮೇಕೆ ಮೇಯತೊಡಗಿತು. ಒಂದು ಸಂಜೆ ಎಸ್ಮೆರ್ಲಿನ್ ಹೊಡೆದ ಚೆಂಡು ಗೋಡೆ ದಾಟಿ, ಸಮುದ್ರ ದಾಟಿ, ನಮ್ಮ ನದಿಯಲ್ಲಿ ಬಿತ್ತು. ಬಲೆ ಬೀಸುತ್ತಿದ್ದವನೊಬ್ಬ ದೋಣಿಯಲ್ಲಿ ತಲೆ ತಗ್ಗಿಸಿದ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಮರುದಿನ ಇಬ್ಬರು ನದಿಯ ದಡದಲ್ಲಿ ಏನನ್ನೋ ಹುಡುಕುತ್ತಿದ್ದುದನ್ನು ನಾನು ಕಂಡೆ.

ಆದರೆ ನೆರೆಯೊ ಪ್ರಾಮಾಣಿಕರು. ಅವರ ಆಟದಲ್ಲಿ ಎಸ್ಮೆರ್ಲಿನ್ ಔಟೂ ಆಗುತ್ತಿದ್ದ.

"ಏನ್ ತಾತ, ಮೂರು ಜನ ಬೇಸ್ ಮೇಲೆ ನಿಂತಿರ್ಬೇಕಾದ್ರೆ ಔಟ್ ಮಾಡ್ಬಿಟ್ರಲ್ಲ! ನಿಮ್ ಕೈಯಲ್ಲೇ ಇತ್ತಲ್ಲ!"

"ನಾನೆಲ್ಲಿ ಮಾಡ್ದೆ? ಅವನೇ ಆದ. ಕಂಡಿದ್ದು ಹೇಳ್ತೀನಿ, ಅಷ್ಟೇ."

ಅಮ್ಮ ದಿನವೂ ಬರುತ್ತಿದ್ದಳು. ಎಲ್ಲರೂ ಕಣ್ಣು ಮುಚ್ಚಿದಾಗ ಅವಳವು ತೆರೆದೇ ಇರುತ್ತಿದ್ದವು. ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ. ಒಂದು ಕೈ ಇನ್ನೊಂದನ್ನು ತಿಕ್ಕುತ್ತಲೇ ಇರುತ್ತಿತ್ತು. ಮೇ ತಿಂಗಳಿಂದ ಅವಳು ಸೂಜಿ ಹಿಡಿದಿರಲಿಲ್ಲ. ಕೀಲುನೋವು ಎನ್ನುತ್ತಿದ್ದಳು. ಬೀದಿಯವರು ಗೊಣಗುತ್ತ ಪೇಟೆಯ ಕ್ಲಿನಿಕ್ಕಿಗೆ ಹೋಗುತ್ತಿದ್ದರು.

ನಲವತ್ತೇಳನೆಯ ಆಟದ ಸಂಜೆ. ನೆರೆಯೊ ಹೇಳುತ್ತಿದ್ದರು: ಚೆಂಡು ಮಂಡಿಗಿಂತ ಕೆಳಗೆ ಬಂತು, ಬಿಡಬೇಕಿತ್ತು, ಎಸ್ಮೆರ್ಲಿನ್ ಬೀಸಿದ, ತಪ್ಪಿತು. ಮೂರನೇ ಸಲ. ಔಟ್. ಅವನು ಬ್ಯಾಟನ್ನು ನೆಲಕ್ಕೆ ಬಡಿಯಲಿಲ್ಲ. ಹೋಗಿ ಬೆಂಚಿನ ಕೊನೆಯಲ್ಲಿ ಒಬ್ಬನೇ ಕೂತ.

"ಕನಸಿನ ಆಟದಲ್ಲೂ ಔಟಾ?" ಎಂದ ಫೆಲ್ಲೊ. "ಔಷಧಿ ಇಳಿದಿರ್ಬೇಕು! ಹೇಳ್ತೀನಿ ಕೇಳಿ, ತನ್ ಕೈಯಾರೆ ತಾನೇ ಚುಚ್ಕೊಂಡೋನನ್ನ ಯಾವ ದೇವ್ರೂ ಕಾಯಲ್ಲ."

ಅಮ್ಮ ಎದ್ದು ನಿಂತಳು.

"ಅವನ ಕೈಯಲ್ಲ ಫೆಲ್ಲೊ. ನನ್ನ ಕೈ."

ಅಮ್ಮ ಮಗ್ಗಿ ಒಪ್ಪಿಸುವಂತೆ ಹೇಳಿದಳು. "ಜನವರಿಯಲ್ಲಿ ಕರೆಂಟ್ ಹೋಗಿತ್ತು. ಅವನು ಮಾರನೇ ದಿನ ಹೊರಡ್ಬೇಕಿತ್ತು. ಅವನ ಸೀಸೆಗೂ ಎರಡು ರಬ್ಬರ್ ಬ್ಯಾಂಡು, ಟುಲಿಯೊ ಸೀಸೆಗೂ ಎರಡು. ಕತ್ತಲಲ್ಲಿ ಮುಟ್ಟಿ ತಗೊಂಡೆ. ಹುಂಜದ ಔಷಧಿ ಚುಚ್ಬಿಟ್ಟೆ ಅನ್ಸತ್ತೆ."

ಹಿಂದಿನಿಂದ ಯಾರೋ, "ಹಾಗಾದ್ರೆ ಬೆಳಗಿನ ಜಾವ ಎದ್ದು ಕೂಗ್ಬೇಕಿತ್ತಲ್ಲ ಅವನು!" ಎಂದ. ಅಂಗಡಿಯೇ ನಕ್ಕಿತು.

"ಎಂಥ ಕರುಳು ನೋಡ್ರೋ," ಚೆಂಚೊ ಕಣ್ಣೊರೆಸಿಕೊಂಡ. "ಹುಡುಗನ್ನ ಉಳಿಸಕ್ಕೆ ತನ್ ಮೇಲೇ ಹಾಕ್ಕೊಳ್ತಾಳೆ. ಕೂತ್ಕೊಳ್ಳಿ ದೋನ್ಯಾ. ನಲ್ವತ್ತು ವರ್ಷದಲ್ಲಿ ನಿಮ್ ಸೂಜಿ ಒಂದ್ ಸಲ ತಪ್ಪಿಲ್ಲ."

"ಅವನ ವಕೀಲ್ರು ಎಷ್ಟ್ ಕೊಟ್ರು ಅಂತ ನಮಗೂ ಹೇಳಿ," ಎಂದ ಫೆಲ್ಲೊ. "ನಾಳೆ ನಾನೇ ಚುಚ್ಚಿದ್ದು ಅಂತೀನಿ."

ಅಮ್ಮ ಟುಲಿಯೊನ ಕಡೆ ತಿರುಗಿದಳು. ಅವನು ಟೋಪಿಯನ್ನು ಸರಿಮಾಡಿಕೊಂಡ. ಅವನ ಪಕ್ಕದಲ್ಲೇ ಭಾನುವಾರದ ಕಾಳಗದ ಎದುರಾಳಿ ಕೂತಿದ್ದ. "ನನ್ ಹುಂಜಗಳಿಗೆ ಜೋಳ, ನೀರು, ದೇವರ ದಯೆ," ಎಂದ. "ಔಷಧಿ ಗಿವುಷಧಿ ನಂಗೊತ್ತಿಲ್ಲಪ್ಪ."

"ನನ್ ಮಗಳು ಓದಿದಾಳೆ ಅದನ್ನ. ಅವಳನ್ನ ಕೇಳಿ."

ಎಲ್ಲ ಮುಖಗಳೂ ನನ್ನತ್ತ ತಿರುಗಿದವು. ಕಣ್ಣು ಮುಚ್ಚಿ ಎಷ್ಟೋ ಸಂಜೆ ಆಟ ನೋಡಿದ್ದ ಮುಖಗಳು. ಅವಕ್ಕೆ ನನ್ನಿಂದ ಬೇಕಿದ್ದದ್ದು ಒಂದೇ ಉತ್ತರ.

"ಅವತ್ತು ಅಮ್ಮನಿಗೆ ಬಿ ವಿಟಮಿನ್ ಅಂತಲೇ ಓದಿ ಹೇಳಿದೀನಿ," ಎಂದೆ.

"ಮುಗೀತಲ್ಲ! ಟೀಚರಮ್ಮನೇ ಹೇಳಿದ್ ಮೇಲೆ ಇನ್ನೇನು!" ಯಾರೋ ಚಪ್ಪಾಳೆ ತಟ್ಟಿದರು. ಅಮ್ಮ ಮೆಲ್ಲಗೆ ಕೂತಳು. ನೆರೆಯೊ ಗಂಟಲು ಸರಿಮಾಡಿಕೊಂಡು ಬಿಟ್ಟಲ್ಲಿಂದ ಆಟ ಎತ್ತಿಕೊಂಡರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಯ ಹಿಂದೆ ಬಿಯರ್ ಪೆಟ್ಟಿಗೆಗಳನ್ನು ಪೇರಿಸಿದ ಕಡೆಗೆ ಹೋದೆ. ಗೋಡೆಗೆ ಒರಗಿ ಒಬ್ಬ ಎತ್ತರದವನು ನಿಂತಿದ್ದ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ಕಿವಿಯನ್ನು ಗೋಡೆಗೆ ಕೊಟ್ಟಿದ್ದ.

ಎಸ್ಮೆರ್ಲಿನ್. ಒಂದು ಕಾಲದಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವನು.

"ಯಾವಾಗ ಬಂದೆ?"

"ನಾಲ್ಕು ದಿನ ಆಯ್ತು ಟೀಚರ್. ಅತ್ತೆ ಮನೇಲೇ ಇದೀನಿ, ಯಾರಿಗೂ ಗೊತ್ತಿಲ್ಲ. ಸಂಜೆ ಇಲ್ ಬಂದು ಕೇಳ್ತೀನಿ." ಅವನು ನಗಲು ನೋಡಿದ. "ತಾತನ ಆಟದಲ್ಲಿ ನಾನು ಅಲ್ಲಿಗಿಂತ ಚೆನ್ನಾಗೇ ಆಡ್ತಿದೀನಿ." ಆಮೇಲೆ ದನಿ ಬದಲಾಯಿತು. "ದೋನ್ಯಾ ಹೇಳಿದ್ದು ನಿಜಾನಾ?"

ಆಗಲೂ ನಾನು ಜಾರಿಕೊಳ್ಳಲು ಅಳೆದು ತೂಗಿದ ಪದವೊಂದನ್ನು ಹುಡುಕಿದೆ. ಸಿಗಲಿಲ್ಲ.

"ನಿಜ. ಸೀಸೆ ನನ್ನ ಹತ್ರಾನೇ ಇದೆ. ಅಮ್ಮ ಓದು ಅಂದಾಗ ಸುಳ್ಳು ಓದಿದೆ."

ಅವನು ಪೆಟ್ಟಿಗೆಯ ಮೇಲೆ ಕುಸಿದು ಕೂತ. ತನ್ನ ಅಂಗೈಗಳನ್ನು ನೋಡಿಕೊಂಡ.

"ಬ್ಯಾಗ್ ಎಲ್ಲ ಹುಡುಕ್ದೆ ಟೀಚರ್. ಗೆಳೆಯರು ಕೊಟ್ಟ ಪುಡಿ, ಎಣ್ಣೆ, ಎಲ್ಲಾನೂ ನಾನೇ ದುಡ್ಡು ಕೊಟ್ಟು ಪರೀಕ್ಷೆ ಮಾಡ್ಸಿದೆ. ಏನೂ ಸಿಗ್ಲಿಲ್ಲ. ಕೊನೆಗೆ ನಾನೇ ಗೊತ್ತಿದ್ದೂ ತಗೊಂಡಿರ್ಬೇಕು, ಮರ್ತಿದೀನಿ ಅಂತ ನಂಬೋಕ್ಕೆ ಶುರು ಮಾಡ್ದೆ. ಚುಚ್ಕೊಳ್ತಿರೋದು ಕನಸಲ್ಲಿ ಕಾಣ್ತಿತ್ತು. ಬಾಗಿಲು ಹಾಕ್ಕೊಂಡು, ನಾನೇ, ನನ್ ಕೈಯಲ್ಲೇ." ತಲೆ ಎತ್ತಿದ. "ನಿಮಗೆ ಯಾವಾಗ ಗೊತ್ತಾಯ್ತು?"

"ಸುದ್ದಿ ಬಂದ ಮೂರನೇ ದಿನ."

ಅವನು ಮುಷ್ಟಿಯಿಂದ ಪೆಟ್ಟಿಗೆಗೆ ಗುದ್ದಿದ. ನಾನು ಹಿಂದೆ ಸರಿಯಲಿಲ್ಲ. ಸರಿಯಬಾರದೆಂದು ನನಗೆ ನಾನೇ ಹೇಳಿಕೊಂಡೆ.

"ಈಗ್ಲೇ ಬರ್ದು ಸಹಿ ಹಾಕಿ ಕೊಡ್ತೀನಿ. ಟಿವಿಯವ್ರ ಮುಂದೆ ಬೇಕಾದ್ರೂ ಹೇಳ್ತೀನಿ."

"ಯಾರು ಚುಚ್ಚಿದ್ರು ಅನ್ನೋದು ಲೀಗಿನವ್ರಿಗೆ ಬೇಡ. ನನ್ ಮೈಯೊಳಗೆ ಬಂದಿದ್ದು ನನ್ ಹೊಣೆ. ಮೊದಲ ವಾರದಲ್ಲಿ ಸಾಕ್ಷಿ ಕೊಟ್ಟಿದ್ರೆ ನಿಷೇಧ ಸ್ವಲ್ಪ ಕಮ್ಮಿ ಮಾಡ್ತಿದ್ರೇನೋ ಅಂದ ವಕೀಲ. ಈಗ ಅದೂ ಮುಗೀತು."

ಮೊದಲ ವಾರ. ಆ ವಾರದ ಒಂದೊಂದು ಬೆಳಗನ್ನೂ ನಾನು ಹೇಗೆ ಕಳೆದೆನೆಂದು ನನಗೆ ನೆನಪಿತ್ತು.

"ಜನಕ್ಕಾದ್ರೂ ಗೊತ್ತಾಗತ್ತೆ," ಎಂದೆ.

"ಯಾವ ಜನ? ಈಗ ಕೇಳಿದ್ರಲ್ಲ. ಬಾಯಾರೆ ಹೇಳಿದ್ರೂ ನಕ್ರು. ಇವ್ರು ನಮ್ಮೋರು. ಅಲ್ಲಿಯೋರು ಮುದುಕೀನ ದುಡ್ಡು ಕೊಟ್ಟು ಕೊಂಡ್ಕೊಂಡ ಅಂತಾರೆ. ಅವಳ ಫೋಟೋ ಹಾಕ್ತಾರೆ."

ಗೋಡೆಯಾಚೆ ನೆರೆಯೊ ಅವರ ದನಿ ಏರಿತು. ಎಸ್ಮೆರ್ಲಿನ್ ಮತ್ತೆ ಬ್ಯಾಟು ಹಿಡಿದಿದ್ದ. ನನ್ನ ಮುಂದೆ ಕೂತವನೂ ಆ ಕಡೆಗೆ ತಲೆ ವಾಲಿಸಿದ. ಚೆಂಡು ಬಂತು. ಅವನ ಹೆಗಲು ಸಣ್ಣಗೆ ಅಲುಗಿತು, ನಿದ್ದೆಯಲ್ಲಿರುವ ನಾಯಿಯ ಕಾಲು ಓಡುವಂತೆ. ಆಚೆ ಕಡೆಯವರು ಹೋ ಎಂದರು. ಆಟದ ಎಸ್ಮೆರ್ಲಿನ್ ಬೇಸು ಮುಟ್ಟುವ ತನಕ ನಾವಿಬ್ಬರೂ ಕಿವಿಗೊಟ್ಟೆವು.

"ನಾನಲ್ಲ ಅಂತ ನನಗೆ ಗೊತ್ತಾಯ್ತಲ್ಲ," ಎಂದ ಎದ್ದು ನಿಂತು. "ಇವತ್ತು ನಿದ್ದೆ ಮಾಡ್ತೀನಿ. ದೋನ್ಯಾಗೆ ಹೇಳೋದೋ ಬಿಡೋದೋ ನಿಮಗೇ ಬಿಟ್ಟಿದ್ದು. ನಿಮ್ಮನ್ನ ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ. ಅದು ಇನ್ನೂ ಗೊತ್ತಿಲ್ಲ ನನಗೆ."

ಹಿತ್ತಲ ದಾರಿಯಲ್ಲಿ ಅವನು ಕತ್ತಲಿಗೆ ಸೇರಿಹೋದ.

ಮನೆಗೆ ಹೋಗುವಾಗ ಅಮ್ಮ ನನ್ನ ತೋಳು ಹಿಡಿದಿದ್ದಳು. ಅವಳ ಹೆಜ್ಜೆ ಹಗುರವಾಗಿತ್ತು.

"ಒಬ್ರೂ ನಂಬ್ಲಿಲ್ಲ ನೋಡು," ಎಂದಳು. "ಅಷ್ಟು ಜನ ಹೇಳ್ಬೇಕಾದ್ರೆ ನಂದೇ ಭ್ರಮೆ ಇರ್ಬೇಕು. ಅಲ್ವಾ?"

ನಾನು ಬಾಯಿ ತೆರೆದೆ. ಅವಳ ಮಂಜು ಕಣ್ಣುಗಳು ನನ್ನ ತುಟಿಯ ಸುತ್ತ ಎಲ್ಲೋ ನಿಂತಿದ್ದವು. ಅವಳು ಕಾಯುತ್ತಿದ್ದಳು, ಆದರೆ ನಿಜಕ್ಕಲ್ಲ, ಹೌದು ಎನ್ನುವುದಕ್ಕೆ.

"ನಾಳೆ ಚೆಂಚೊ ಹೆಂಡ್ತಿಗೆ ಬರೋಕ್ಕೆ ಹೇಳು," ಎಂದಳು. "ಕ್ಲಿನಿಕ್ ಹುಡುಗಿ ಚುಚ್ಚಿ ಚುಚ್ಚಿ ಅವಳ ತೋಳು ಊದಿಸಿದಾಳಂತೆ."

"ಮೊದ್ಲು ಕಣ್ಣಿನ ಆಪರೇಷನ್ ಅಮ್ಮ. ಅಲ್ಲೀವರೆಗೂ ಸೂಜಿ ಬೇಡ."

"ನೀನು ಪಕ್ಕದಲ್ಲಿ ನಿಂತು ಹೆಸರು ಓದಿದ್ರಾಯ್ತಪ್ಪ. ನೀನು ಓದಿದ್ರೆ ನನಗೆ ಧೈರ್ಯ."

ಬೀದಿಯ ಕೊನೆಯಲ್ಲಿ ಕರೆಂಟು ಹೋಯಿತು. ಅಂಗಡಿಯ ಕಡೆಯಿಂದ ನೆರೆಯೊ ಅವರ ದನಿ ಮಾತ್ರ ನಿಲ್ಲದೆ ಬರುತ್ತಿತ್ತು. ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಪರೇಷನ್ನಿಗೆ ಸೋಮವಾರವೇ ಹೆಸರು ಬರೆಸುತ್ತೇನೆ ಎಂದೆ. ನಡೆದದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲವೆಂದು, ಅವಳಿಗೂ ಹೇಳುವುದಿಲ್ಲವೆಂದು, ಆ ಕತ್ತಲಲ್ಲಿ ನಡೆಯುತ್ತಲೇ ನಿರ್ಧರಿಸಿದೆ.